ಆರ್ಯಭಟನ ಭೂಮಿಯನ್ನು ನಿಲ್ಲಿಸಿದವರು ಯಾರು?

ಗ್ರಹಣ ಬಂತು ಅಂದರೆ ನ್ಯೂಸ್ ಚಾನೆಲ್‌ಗಳಿಗೆ ಹಬ್ಬ. ಒಳಗಿನವನಾಗಿ ಹೇಳ್ತಾ ಇದ್ದೀನಿ, ಮುಚ್ಚಿಡೋದಕ್ಕೇನಿಲ್ಲ. ಸ್ಕ್ರೀನ್ ನಾಲ್ಕು ಭಾಗ ಆಗುತ್ತೆ. ಮೂರು ಕಿಟಕಿಗಳಲ್ಲಿ ಜ್ಯೋತಿಷಿಗಳು, ನಾಲ್ಕನೆಯದರಲ್ಲಿ ನಾನು. ಯಾವ ರಾಶಿಗೆ ಏನು ಫಲ, ಉಪ್ಪಿನಕಾಯಿ ಭರಣಿ ಮೇಲೆ ದರ್ಭೆ ಇಡಬೇಕಾ ಬೇಡವಾ ಅಂತ ಬೆಳಗಿನಿಂದ ರಾತ್ರಿ ತನಕ ಚರ್ಚೆ. ಅಂಥ ಒಂದು ರಾತ್ರಿ, ಬರೀ ದರ್ಭೆ ಮಾತಾಡಿ ಬೇಜಾರಾಗಿ, ಸ್ವಲ್ಪ ವಿಜ್ಞಾನವೂ ಇರಲಿ ಅಂತ ಒಂದು ಡೈಲಾಗ್ ಹೊಡೆದೆ. ಸೊನ್ನೆ ಕಂಡುಹಿಡಿದ, ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂತ ಕೋಪರ್ನಿಕಸ್‌ಗಿಂತ ಸಾವಿರ ವರ್ಷ ಮೊದಲೇ ಹೇಳಿದ ಆರ್ಯಭಟನ ನಾಡು ನಮ್ಮದು ಅಂತ. ಆ ಕ್ಲಿಪ್ ಚೆನ್ನಾಗಿ ಓಡಿತು. ಫಾರ್ವರ್ಡ್ ಆಯ್ತು, ಸ್ಟೇಟಸ್ ಆಯ್ತು.

ಮಾರನೇ ದಿನ ಆಫೀಸಿಗೆ ಒಂದು ಫೋನ್. ನಿವೃತ್ತ ಗಣಿತ ಮೇಷ್ಟ್ರು. "ಎಂಜಿನಿಯರಿಂಗ್ ಓದಿದೋನು ಅಂತೀಯ, ಒಂದೇ ವಾಕ್ಯದಲ್ಲಿ ಎರಡು ತಪ್ಪು ಮಾಡಿದೀಯಲ್ಲಪ್ಪ! ಆತ ಹೇಳದೇ ಇದ್ದದ್ದನ್ನೆಲ್ಲ ಹೇಳಿದೆ. ಹೇಳಿ ಬೈಸಿಕೊಂಡಿದ್ದನ್ನ ಮಾತ್ರ ಬಿಟ್ಟುಬಿಟ್ಟೆ" ಅಂದರು. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಪುಸ್ತಕ ತೆಗೆದು ಓದಿದೆ. ಓದಿದ ಮೇಲೆ ಸಿಟ್ಟು ಹೋಯ್ತು, ಒಂದು ಥರ ನಾಚಿಕೆ ಆಯ್ತು. ಯಾಕೆ ಅಂದರೆ ಆರ್ಯಭಟನ ಕಥೆಯಲ್ಲಿ ನನ್ನ ಕಸುಬಿನ ಕಥೆಯೂ ಇದೆ. ಒಬ್ಬ ಮನುಷ್ಯ ಹೇಳಿದ ಮಾತನ್ನು ಅವನ ಕಡೆಯವರೇ ಎಡಿಟ್ ಮಾಡಿಬಿಟ್ಟ ಕಥೆ ಅದು.

ಮೊದಲು ಆತ ಯಾರು ಅಂತ ನೋಡೋಣ. ಆರ್ಯಭಟನ ಬಗ್ಗೆ ಖಚಿತವಾಗಿ ಗೊತ್ತಿರೋದು ಒಂದು ಪುಟ ಕೂಡ ಆಗಲ್ಲ. ಹುಟ್ಟಿದ್ದು ಕ್ರಿ.ಶ. 476. ಇದು ಯಾರೋ ಊಹಿಸಿದ ಇಸವಿ ಅಲ್ಲ. ಕಲಿಯುಗ ಶುರುವಾಗಿ 3600 ವರ್ಷ ಕಳೆದಾಗ ನನಗೆ 23 ವರ್ಷ ಅಂತ ಆತನೇ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಲೆಕ್ಕ ಹಾಕಿದರೆ ಆ ವರ್ಷ ಕ್ರಿ.ಶ. 499. ನಮ್ಮ ಪ್ರಾಚೀನ ಕವಿಗಳು, ಶಾಸ್ತ್ರಕಾರರು ಎಷ್ಟು ಜನ ಇಂಥ ಉಪಕಾರ ಮಾಡಿದ್ದಾರೆ ಹೇಳಿ? ಒಬ್ಬೊಬ್ಬರ ಕಾಲ ನಿರ್ಣಯಕ್ಕೆ ವಿದ್ವಾಂಸರು ಜೀವಮಾನ ಸವೆಸಿದ್ದಾರೆ. ಈತ ಮಾತ್ರ ಬಯೋಡೇಟಾ ಥರ ಬರೆದಿಟ್ಟು ಹೋದ. ತನ್ನ ಜ್ಞಾನ ಕುಸುಮಪುರದಲ್ಲಿ ಮನ್ನಣೆ ಪಡೆದದ್ದು ಅಂತಲೂ ಹೇಳಿದ್ದಾನೆ. ಕುಸುಮಪುರ ಅಂದರೆ ಪಾಟಲಿಪುತ್ರ, ಇವತ್ತಿನ ಪಾಟ್ನಾ. ಮೂಲತಃ ಅಶ್ಮಕ ದೇಶದವನು ಅನ್ನೋದು ವ್ಯಾಖ್ಯಾನಕಾರರ ಮಾತು. ಅಷ್ಟೇ. ಹೆಂಡತಿ ಮಕ್ಕಳು, ಗುರು, ರಾಜಾಶ್ರಯ, ಯಾವುದರ ಸುದ್ದಿಯೂ ಇಲ್ಲ.

ಪುಸ್ತಕದ ಹೆಸರು ಆರ್ಯಭಟೀಯ. ಒಟ್ಟು 121 ಶ್ಲೋಕ, ನಾಲ್ಕು ಪಾದ. ಸಂಕ್ಷೇಪ ಅಂದರೆ ಎಂಥ ಸಂಕ್ಷೇಪ ಅಂತೀರಿ! ಸಂಖ್ಯೆಗಳನ್ನು ಬರೆಯೋದಕ್ಕೆ ಆತ ಒಂದು ಅಕ್ಷರ ಪದ್ಧತಿಯನ್ನೇ ಕಟ್ಟಿದ. ಕ ಅಂದರೆ 1, ಖ ಅಂದರೆ 2, ಹೀಗೆ ಮ ತನಕ 25. ಯ ಅಂದರೆ 30. ಸ್ವರಗಳು ಸ್ಥಾನ ಹೇಳ್ತವೆ. ಅ ಬಂದರೆ ಇದ್ದಷ್ಟೇ, ಇ ಬಂದರೆ ನೂರರಿಂದ ಗುಣಿಸಿ, ಉ ಬಂದರೆ ಹತ್ತು ಸಾವಿರದಿಂದ, ಋ ಬಂದರೆ ಹತ್ತು ಲಕ್ಷದಿಂದ. ಆತನ ಪುಸ್ತಕದಲ್ಲಿ "ಖ್ಯುಘೃ" ಅಂತ ಒಂದು ಪದ ಬರುತ್ತೆ. ನೋಡಿದರೆ ಕೆಮ್ಮು ಬಂದ ಹಾಗಿದೆ. ಬಿಡಿಸಿ ನೋಡಿ: ಖ ಮತ್ತು ಯ ಸೇರಿ 32, ಅದಕ್ಕೆ ಉ ಬಂದಿದೆ, ಹಾಗಾಗಿ 3,20,000. ಘ ಅಂದರೆ 4, ಅದಕ್ಕೆ ಋ, ಅಂದರೆ 40,00,000. ಒಟ್ಟು 43,20,000. ಒಂದು ಮಹಾಯುಗದ ವರ್ಷಗಳು! ಎರಡು ಅಕ್ಷರದಲ್ಲಿ ಏಳಂಕಿ. ನಾವು ಫೈಲ್ ಜಿಪ್ ಮಾಡ್ತೀವಲ್ಲ, ಆ ಕೆಲಸವನ್ನ ಈತ ನಾಲಿಗೆ ಮೇಲೆ ಮಾಡಿದ್ದ.

ಗಮನಿಸಿ, ಇಲ್ಲಿ ಸೊನ್ನೆಯ ಚಿಹ್ನೆ ಎಲ್ಲೂ ಇಲ್ಲ. ಸ್ಥಾನಬೆಲೆಯ ತಿಳಿವಳಿಕೆ ಇದೆ, ವರ್ಗಮೂಲ ಘನಮೂಲ ತೆಗೆಯುವ ವಿಧಾನವೇ ಆ ತಿಳಿವಳಿಕೆ ಮೇಲೆ ನಿಂತಿದೆ. ಆದರೆ ಸೊನ್ನೆಯನ್ನೇ ಒಂದು ಸಂಖ್ಯೆ ಅಂತ ಹಿಡಿದು ಕೂಡುವ ಕಳೆಯುವ ನಿಯಮ ಬರೆದದ್ದು ಬ್ರಹ್ಮಗುಪ್ತ, 628ರಲ್ಲಿ. ಅಲ್ಲಿಗೆ ನನ್ನ ಮೊದಲ ತಪ್ಪು. ಬ್ರಹ್ಮಗುಪ್ತನ ಹೆಸರು ನೆನಪಿಟ್ಟುಕೊಳ್ಳಿ, ಆತ ಮತ್ತೆ ಬರ್ತಾನೆ.

ಈಗ ಗ್ರಹಣ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯನ ಬೆಳಕೇ ಅಂತ ಆರ್ಯಭಟ ಹೇಳ್ತಾನೆ. ಸೂರ್ಯಗ್ರಹಣದಲ್ಲಿ ಸೂರ್ಯನನ್ನು ಮುಚ್ಚೋದು ಚಂದ್ರ, ಚಂದ್ರಗ್ರಹಣದಲ್ಲಿ ಚಂದ್ರನನ್ನು ಮುಚ್ಚೋದು ಭೂಮಿಯ ನೆರಳು. ನೆರಳು ಎಷ್ಟು ಉದ್ದ, ಚಂದ್ರ ಇರೋ ದೂರದಲ್ಲಿ ಅದು ಎಷ್ಟು ದಪ್ಪ, ಗ್ರಹಣ ಎಷ್ಟು ಹೊತ್ತು ಇರುತ್ತೆ ಅನ್ನೋದಕ್ಕೆಲ್ಲ ಸೂತ್ರ ಕೊಟ್ಟಿದ್ದಾನೆ. ರಾಹು ಬಂದು ನುಂಗೋ ಪ್ರಸಂಗವೇ ಇಲ್ಲ. ಹಾಗಂತ ಎಲ್ಲವೂ ಸರಿ ಇತ್ತು ಅಂತಲ್ಲ. ನಕ್ಷತ್ರಗಳಿಗೂ ಸೂರ್ಯನದೇ ಬೆಳಕು ಅಂದುಕೊಂಡಿದ್ದ, ಅದು ತಪ್ಪು. ಪೈ ಬೆಲೆಯ ವಿಷಯದಲ್ಲಿ ಮಾತ್ರ ಆತನ ಎಚ್ಚರ ನೋಡಿ. 20,000 ವ್ಯಾಸದ ವೃತ್ತಕ್ಕೆ ಪರಿಧಿ 62,832, ಅಂದರೆ 3.1416. ಜತೆಗೆ ಇದು "ಆಸನ್ನ", ಹತ್ತಿರದ ಬೆಲೆ ಅಂತ ಸೇರಿಸಿದ್ದಾನೆ. 23 ವರ್ಷದ ಹುಡುಗ. ಆ ವಯಸ್ಸಲ್ಲಿ ನಾನು ಕ್ಯಾಲ್ಕುಲೇಟರ್‌ನಲ್ಲಿ ಬಂದದ್ದನ್ನೆಲ್ಲ ಎಂಟು ದಶಾಂಶದ ತನಕ ಲ್ಯಾಬ್ ರೆಕಾರ್ಡಿಗೆ ಇಳಿಸ್ತಾ ಇದ್ದೆ!

ಇದೆಲ್ಲ ಸರಿ, ಮೇಷ್ಟ್ರು ಹೇಳಿದ "ಬೈಸಿಕೊಂಡ ಮಾತು" ಯಾವುದು?

ಭೂಮಿ ತನ್ನ ಸುತ್ತ ತಾನು ತಿರುಗುತ್ತೆ ಅನ್ನೋ ಮಾತು. ಸೂರ್ಯನ ಸುತ್ತ ಅಲ್ಲ, ತನ್ನ ಸುತ್ತ. ಆರ್ಯಭಟನ ವಿಶ್ವದಲ್ಲಿ ಭೂಮಿ ಮಧ್ಯದಲ್ಲೇ ಇದೆ. ಚಂದ್ರ, ಸೂರ್ಯ, ಗ್ರಹ ಎಲ್ಲ ಅದರ ಸುತ್ತಲೇ. ಅದು ನನ್ನ ಎರಡನೇ ತಪ್ಪು. ಆದರೆ ದಿನವೂ ಆಕಾಶ ಪೂರ್ವದಿಂದ ಪಶ್ಚಿಮಕ್ಕೆ ಉರುಳೋದು ಕಾಣುತ್ತಲ್ಲ, ಅದು ನಿಜವಾದ ಚಲನೆ ಅಲ್ಲ, ಭೂಮಿ ಪೂರ್ವಕ್ಕೆ ತಿರುಗೋದರಿಂದ ಹಾಗೆ ಕಾಣುತ್ತೆ ಅಂದ. ಅದಕ್ಕೆ ಕೊಟ್ಟ ಉದಾಹರಣೆ ದೋಣಿಯದು. ಮುಂದೆ ಹೋಗುವ ದೋಣಿಯಲ್ಲಿ ಕೂತವನಿಗೆ ದಡದ ಮೇಲಿನ ವಸ್ತುಗಳು ಹಿಂದಕ್ಕೆ ಹೋದ ಹಾಗೆ ಕಾಣುತ್ತಲ್ಲ, ನಿಂತಿರುವ ನಕ್ಷತ್ರಗಳು ಪಶ್ಚಿಮಕ್ಕೆ ಹೋದ ಹಾಗೆ ಕಾಣೋದೂ ಅದೇ ಥರ. ಪಾಟಲಿಪುತ್ರ ಗಂಗೆಯ ದಡದ ಊರು. ಆತ ದೋಣಿಯಲ್ಲಿ ಕೂತೇ ಇದನ್ನು ಯೋಚಿಸಿರಬೇಕು ಅಂತ ನನಗೆ ಅನ್ನಿಸುತ್ತೆ, ದಾಖಲೆ ಕೇಳಬೇಡಿ. ನಮಗೆ ಇದು ರೈಲಿನಲ್ಲಿ ಆಗುತ್ತೆ. ಮೆಜೆಸ್ಟಿಕ್ ಸ್ಟೇಷನ್‌ನಲ್ಲಿ ಕಿಟಕಿ ಪಕ್ಕ ಕೂತಿರ್ತೀರಿ, ಪಕ್ಕದ ರೈಲು ಹೊರಡುತ್ತೆ, ನಮ್ಮ ರೈಲೇ ಹೊರಟಿತು ಅಂತ ಖುಷಿ ಪಡ್ತೀರಿ. ಒಂದು ಕ್ಷಣ ಯಾವುದು ನಿಂತಿದೆ, ಯಾವುದು ಓಡ್ತಿದೆ ಅಂತ ಗೊತ್ತೇ ಆಗಲ್ಲ.

ಬರೀ ಉದಾಹರಣೆ ಕೊಟ್ಟು ಸುಮ್ಮನಾಗಲಿಲ್ಲ, ಲೆಕ್ಕ ಕೊಟ್ಟ. ಒಂದು ಮಹಾಯುಗದಲ್ಲಿ ಸೂರ್ಯ ಇಷ್ಟು ಸುತ್ತು, ಚಂದ್ರ ಇಷ್ಟು ಸುತ್ತು ಅಂತ ಪಟ್ಟಿ ಮಾಡುವಾಗ ಅದೇ ಸಾಲಿನಲ್ಲಿ ಭೂಮಿಯನ್ನೂ ಸೇರಿಸಿದ: ಪೂರ್ವಕ್ಕೆ 1,58,22,37,500 ಸುತ್ತು. ಇದರಿಂದ 43,20,000 ವರ್ಷ ಕಳೆಯಿರಿ, 1,57,79,17,500 ಬರುತ್ತೆ. ಅದು ಮಹಾಯುಗದ ದಿನಗಳ ಸಂಖ್ಯೆ. ವರ್ಷಕ್ಕೆ ಒಂದು ಸುತ್ತು ಯಾಕೆ ಹೆಚ್ಚು ಅಂದರೆ, ಸೂರ್ಯ ನಕ್ಷತ್ರಗಳ ನಡುವೆ ದಿನಾ ಸ್ವಲ್ಪ ಸ್ವಲ್ಪ ಪೂರ್ವಕ್ಕೆ ಜರುಗಿದ ಹಾಗೆ ಕಾಣುತ್ತೆ, ಅವನನ್ನು ಹಿಡಿಯೋಕೆ ಭೂಮಿ ದಿನಾ ಸ್ವಲ್ಪ ಹೆಚ್ಚು ತಿರುಗಬೇಕು. ಈ ಎರಡು ಸಂಖ್ಯೆಗಳನ್ನ ನಾನು ಮೊಬೈಲ್ ಕ್ಯಾಲ್ಕುಲೇಟರಿಗೆ ಹಾಕಿ ನೋಡಿದೆ. ಭೂಮಿಯ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡ್. ಇವತ್ತಿನ ಪಠ್ಯಪುಸ್ತಕ ತೆಗೆದು ನೋಡಿ, ಅಲ್ಲೂ 23 ಗಂಟೆ 56 ನಿಮಿಷ 4.1 ಸೆಕೆಂಡ್. ವರ್ಷದ ಉದ್ದದಲ್ಲಿ ಮಾತ್ರ ಮೂರು ನಿಮಿಷ ಚಿಲ್ಲರೆ ವ್ಯತ್ಯಾಸ ಇದೆ.

ಇನ್ನೊಂದು ಕಡೆ ಇದನ್ನೇ ಉಸಿರಿನ ಲೆಕ್ಕದಲ್ಲಿ ಹೇಳ್ತಾನೆ. ಒಂದು "ಪ್ರಾಣ" ಅಂದರೆ ಒಂದು ಉಸಿರು, ಸುಮಾರು 4 ಸೆಕೆಂಡ್. ದಿನಕ್ಕೆ 21,600 ಪ್ರಾಣ. ಒಂದು ವೃತ್ತಕ್ಕೆ 360 ಡಿಗ್ರಿ, ಪ್ರತಿ ಡಿಗ್ರಿಗೆ 60 ಕಲೆ, ಒಟ್ಟು 21,600 ಕಲೆ. ಹಾಗಾದರೆ ಒಂದು ಪ್ರಾಣದಲ್ಲಿ ಭೂಮಿ ಒಂದು ಕಲೆ ತಿರುಗುತ್ತೆ. ನೀವು ಒಂದು ಸಲ ಉಸಿರಾಡುವಷ್ಟರಲ್ಲಿ ಬೆಂಗಳೂರು ಪೂರ್ವಕ್ಕೆ ಸುಮಾರು 1.8 ಕಿಲೋಮೀಟರ್ ಹೋಗಿರುತ್ತೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇದೇ ದೂರಕ್ಕೆ ಅರ್ಧ ಗಂಟೆ.

ಇಲ್ಲಿಂದ ಗಲಾಟೆ ಶುರು. ಅದೇ ಆರನೇ ಶತಮಾನದ ವರಾಹಮಿಹಿರ ಕೇಳಿದ: ಭೂಮಿ ತಿರುಗಿದರೆ ಆಕಾಶಕ್ಕೆ ಹಾರಿದ ಹದ್ದು ಮತ್ತೆ ಗೂಡಿಗೆ ಹೇಗೆ ಬರುತ್ತೆ? ಬಾವುಟಗಳೆಲ್ಲ ಸದಾ ಪಶ್ಚಿಮಕ್ಕೇ ಹಾರಬೇಕಿತ್ತಲ್ಲ? ಆಮೇಲೆ ಬಂದ ಲಲ್ಲ ಕೇಳಿದ: ಮೇಲಕ್ಕೆ ಬಿಟ್ಟ ಬಾಣ ಪಶ್ಚಿಮಕ್ಕೆ ಹೋಗಿ ಬೀಳಬೇಕಿತ್ತು, ಮೋಡಗಳೆಲ್ಲ ಪಶ್ಚಿಮಕ್ಕೆ ಓಡಬೇಕಿತ್ತು, ಯಾಕಿಲ್ಲ? ಇವನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಒಳ್ಳೆ ಪ್ರಶ್ನೆಗಳೇ. ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡ್ತಿದೆ, ನಮ್ಮ ಕಾಫಿ ಲೋಟ ಅಲುಗಾಡಲ್ಲ. ಯಾಕೆ? ಓಡುವ ಬಸ್ಸಿನಲ್ಲಿ ಕಂಡಕ್ಟರ್ ಮೇಲಕ್ಕೆ ಚಿಮ್ಮಿದ ನಾಣ್ಯ ಅವನ ಕೈಗೇ ಬೀಳುತ್ತಲ್ಲ, ಅದೇ ಕಾರಣ. ಹದ್ದೂ ಗಾಳಿಯೂ ಮೋಡವೂ ಭೂಮಿಯ ಜತೆಗೇ ಓಡ್ತಿರುತ್ತವೆ. ಆದರೆ ಇದನ್ನು ಗೆಲಿಲಿಯೋ ಹಡಗಿನ ಉದಾಹರಣೆ ಕೊಟ್ಟು ಬಿಡಿಸಿ ಹೇಳಿದ್ದು 1632ರಲ್ಲಿ. ಪ್ಯಾರಿಸ್‌ನಲ್ಲಿ ಫೂಕೋ ಉದ್ದನೆಯ ಲೋಲಕ ತೂಗುಬಿಟ್ಟು ಭೂಮಿ ತಿರುಗೋದನ್ನ ಜನರ ಕಣ್ಣಿಗೇ ತೋರಿಸಿದ್ದು 1851ರಲ್ಲಿ. ಆರ್ಯಭಟನ ಕೈಯಲ್ಲಿ ಇವೆರಡೂ ಇರಲಿಲ್ಲ. ಇದ್ದದ್ದು ದೋಣಿ ಮಾತ್ರ. ನಾನು ಆ ಕಾಲದ ಪ್ಯಾನೆಲ್ ಡಿಸ್ಕಷನ್ ನಡೆಸಿದ್ದರೆ, ನಿಜ ಹೇಳ್ತೀನಿ, ವರಾಹಮಿಹಿರನೇ ಗೆದ್ದ ಅಂತ ಟಿಕರ್ ಹಾಕಿರ್ತಿದ್ದೆ.

ಎಲ್ಲರಿಗಿಂತ ಖಾರವಾಗಿ ಬರೆದದ್ದು ಬ್ರಹ್ಮಗುಪ್ತ. ಇವತ್ತಿನ ರಾಜಸ್ಥಾನದ ಭಿನ್ಮಾಲ್‌ನವನು, ಬ್ರಾಹ್ಮಸ್ಫುಟಸಿದ್ಧಾಂತ ಬರೆದಾಗ ವಯಸ್ಸು 30. ಹಿಂದಿನವರ ತಪ್ಪು ಹಿಡಿಯೋದಕ್ಕೇ ಒಂದು ಅಧ್ಯಾಯ ಇಟ್ಟಿದ್ದಾನೆ, ಅದರಲ್ಲಿ ಮುಖ್ಯ ಗುರಿ ಆರ್ಯಭಟ. ಭೂಮಿ ಪ್ರಾಣಕ್ಕೆ ಒಂದು ಕಲೆ ಹೋಗುತ್ತೆ ಅಂದರೆ ಎಲ್ಲಿಂದ ಹೋಗುತ್ತೆ, ಯಾವ ದಾರಿಯಲ್ಲಿ ಹೋಗುತ್ತೆ? ಎತ್ತರದ ವಸ್ತುಗಳು ಯಾಕೆ ಬೀಳಲ್ಲ? ರಾಹು ಇಲ್ಲ ಅನ್ನೋದಕ್ಕೂ ಕೋಪ: ವೇದ, ಸ್ಮೃತಿಗಳಿಗೆ ವಿರೋಧ ಅಂತ. ನಾಲ್ಕು ಶತಮಾನ ಆದ ಮೇಲೆ ಬಂದ ಅಲ್ ಬಿರೂನಿ, ಇಷ್ಟು ದೊಡ್ಡ ಗಣಿತಜ್ಞ ಗ್ರಹಣದ ನಿಜ ಗೊತ್ತಿದ್ದೂ ಹೀಗೆ ಬರೆದನಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾನೆ. ಕೊನೆಗೆ ಏನಾಯ್ತು ಗೊತ್ತಾ? ಇದೇ ಬ್ರಹ್ಮಗುಪ್ತ 665ರಲ್ಲಿ, 67ನೇ ವಯಸ್ಸಿನಲ್ಲಿ, ಖಂಡಖಾದ್ಯಕ ಅಂತ ಒಂದು ಕೈಪಿಡಿ ಬರೆದ. ಮದುವೆ ಮುಹೂರ್ತ, ಜಾತಕ ಇಂಥ ದಿನಬಳಕೆಗೆ ಆರ್ಯಭಟನ ವಿಧಾನ ಕಷ್ಟ, ಅದೇ ಉತ್ತರ ಬರುವ ಸುಲಭ ವಿಧಾನ ಕೊಡ್ತೀನಿ ಅಂತ. ಬೈದದ್ದು ಬೈದ, ಲೆಕ್ಕ ಮಾತ್ರ ಆರ್ಯಭಟನದು!

ವಿರೋಧಿಗಳ ಕಥೆ ಇಷ್ಟು. ಈಗ ಅಭಿಮಾನಿಗಳಿಗೆ ಬರೋಣ. ನನಗೆ ನಾಚಿಕೆ ಆದದ್ದು ಇಲ್ಲಿ.

ಆರ್ಯಭಟನಿಗೆ ದಕ್ಷಿಣದಲ್ಲಿ, ಅದರಲ್ಲೂ ಕೇರಳದಲ್ಲಿ, ದೊಡ್ಡ ಶಿಷ್ಯ ಪರಂಪರೆ. ತಲೆಮಾರುಗಳ ಕಾಲ ಆತನ ಲೆಕ್ಕವನ್ನು ಓದಿದರು, ತಿದ್ದಿದರು, ವ್ಯಾಖ್ಯಾನ ಬರೆದರು. ಆದರೆ ಈ ಒಂದು ಮಾತು ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಗುರು ತಪ್ಪು ಹೇಳಿದ ಅನ್ನೋ ಹಾಗಿಲ್ಲ, ಭೂಮಿ ತಿರುಗುತ್ತೆ ಅಂತ ಒಪ್ಪೋ ಹಾಗೂ ಇಲ್ಲ. ಏನು ಮಾಡಿದರು? ಪ್ರಾಣಕ್ಕೆ ಒಂದು ಕಲೆ ಅನ್ನೋ ಆ ಸಾಲಿನಲ್ಲಿ "ಭೂಃ" ಅಂತ ಇತ್ತು, ಭೂಮಿ. ಅದು "ಭಂ" ಆಯ್ತು. ಭಂ ಅಂದರೆ ನಕ್ಷತ್ರಮಂಡಲ. ಅದೂ ಒಂದು ಗುರು, ಇದೂ ಒಂದು ಗುರು, ಛಂದಸ್ಸಿಗೆ ಏನೂ ಧಕ್ಕೆ ಇಲ್ಲ. ಭೂಮಿ ನಿಂತಿತು, ಆಕಾಶ ತಿರುಗಿತು. ಸಂಖ್ಯೆಯೂ ಸರಿ, ಉತ್ತರವೂ ಸರಿ, ಯಾರಿಗೂ ನೋವಿಲ್ಲ. ಮಹಾಯುಗದ ಪಟ್ಟಿಯಲ್ಲಿ ಭೂಮಿಯ ಸುತ್ತು ಅಂತ ಇತ್ತಲ್ಲ, ಅದು ನಿಜವಾಗಿ ನಕ್ಷತ್ರಗಳ ಸುತ್ತು ಅಂತ ಅರ್ಥ ಮಾಡಿಕೊಳ್ಳಿ ಅಂದರು. ದೋಣಿಯ ಶ್ಲೋಕಕ್ಕೆ, ಇದು ಬರೀ ಭ್ರಮೆಯ ಮಾತು ಅಂದರು. ಅದರ ಮುಂದಿನ ಶ್ಲೋಕದಲ್ಲಿ ನಕ್ಷತ್ರಮಂಡಲವನ್ನ ಒಂದು ಗಾಳಿ ಪಶ್ಚಿಮಕ್ಕೆ ನೂಕುತ್ತೆ ಅನ್ನೋ ಮಾತು ಬರುತ್ತೆ, ಅದೂ ಅವರಿಗೆ ಹಿಡಿಕೆ ಆಯ್ತು.

ಇವರೆಲ್ಲ ದಡ್ಡರು ಅಂದುಕೊಂಡರೆ ಅದು ಮತ್ತೊಂದು ತಪ್ಪು. ಕೇರಳದ ಪರಮೇಶ್ವರ ಐವತ್ತೈದು ವರ್ಷ ಗ್ರಹಣಗಳನ್ನು ಕಣ್ಣಾರೆ ನೋಡಿ, ಹಳೆಯ ಲೆಕ್ಕಕ್ಕೂ ಆಕಾಶಕ್ಕೂ ಹೊಂದದೇ ಇದ್ದಾಗ 1431ರಲ್ಲಿ ದೃಗ್ಗಣಿತ ಅನ್ನೋ ಪದ್ಧತಿಯನ್ನೇ ಕೊಟ್ಟವನು. ಅಂಥವನೂ ಆರ್ಯಭಟೀಯಕ್ಕೆ ವ್ಯಾಖ್ಯಾನ ಬರೆಯುವಾಗ ಭೂಮಿ ನಿಜವಾಗಿ ಸ್ಥಿರ ಅಂತಲೇ ಬರೆದ. ದ್ವೇಷದಿಂದ ಅಲ್ಲ. ಗುರುವಿನ ಮರ್ಯಾದೆ ಉಳಿಸೋಕೆ. ನಮ್ಮ ಎಡಿಟಿಂಗ್ ರೂಮಿನಲ್ಲಿ ಇದು ದಿನಾ ನಡೆಯುತ್ತೆ. ವಿರೋಧ ಪಕ್ಷದವರ ಬೈಟ್ ಕತ್ತರಿಸಿದರೆ ಫೋನ್ ಬರುತ್ತೆ, ನೋಟಿಸ್ ಬರುತ್ತೆ. ಪ್ರೀತಿಯಿಂದ ಕತ್ತರಿಸಿದ ಬೈಟ್ ಬಗ್ಗೆ ಯಾರೂ ಕೇಳಲ್ಲ.

ಹಾಗಾದರೆ ಮೂಲದಲ್ಲಿ ಭೂಃ ಅಂತಲೇ ಇತ್ತು ಅಂತ ನಮಗೆ ಹೇಗೆ ಗೊತ್ತಾಯ್ತು?

ಬ್ರಹ್ಮಗುಪ್ತನಿಂದ! ಬೈಯುವ ಮೊದಲು ಆತ ಆರ್ಯಭಟನ ಮಾತನ್ನು ಇದ್ದ ಹಾಗೇ ಎತ್ತಿ ಬರೆದಿದ್ದ. ಅಲ್ಲಿ ಭಂ ಇಲ್ಲ, ಭೂಮಿಯೇ ಇದೆ. ಎದುರಾಳಿಯ ಮಾತನ್ನು ತಿರುಚಿ ತನಗೆ ಅನುಕೂಲ ಮಾಡಿಕೊಳ್ಳೋ ಬುದ್ಧಿ ಆತನಿಗೆ ಇರಲಿಲ್ಲ. ಅಭಿಮಾನಿಗಳ ಪ್ರತಿಯಲ್ಲಿ ಅಳಿಸಿಹೋದ ಪದ ವೈರಿಯ ಪುಸ್ತಕದಲ್ಲಿ ಭದ್ರವಾಗಿ ಕೂತಿತ್ತು. 1874ರಲ್ಲಿ ಹೆಂಡ್ರಿಕ್ ಕೆರ್ನ್ ಆರ್ಯಭಟೀಯವನ್ನು ಪರಮೇಶ್ವರನ ವ್ಯಾಖ್ಯಾನದ ಜತೆ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚು ಹಾಕಿಸಿದ. ಆಮೇಲೆ ವಿದ್ವಾಂಸರು ಎರಡೂ ಪಾಠ ಅಕ್ಕಪಕ್ಕ ಇಟ್ಟು ನೋಡಿ ಬ್ರಹ್ಮಗುಪ್ತನ ಕಡೆಯದೇ ಮೂಲ ಅಂದರು. ಇನ್ನೊಂದು ತಮಾಷೆ: ಬ್ರಹ್ಮಗುಪ್ತನ ಪುಸ್ತಕಕ್ಕೆ ವ್ಯಾಖ್ಯಾನ ಬರೆದ ಪೃಥೂದಕಸ್ವಾಮಿ, ಅಲ್ಲೇ ಆರ್ಯಭಟನ ಪರ ನಿಂತು, ಭೂಮಿ ತಿರುಗುತ್ತೆ ಅನ್ನೋದೇ ಸರಿ ಅಂದಿದ್ದಾನೆ.

ಈಗ ನಾವು ಏನು ಮಾಡ್ತಾ ಇದ್ದೀವಿ? ಅವರು ಕಳೆದರು, ನಾವು ಕೂಡಿಸ್ತೀವಿ. ಸೊನ್ನೆ ಸೇರಿಸ್ತೀವಿ, ಸೂರ್ಯಕೇಂದ್ರ ಸೇರಿಸ್ತೀವಿ. ಭೂಮಿಯ ಭ್ರಮಣ ಹೇಳಿದ ಜಗತ್ತಿನ ಮೊದಲಿಗ ಅಂತಲೂ ಕೆಲವರು ಹೇಳ್ತಾರೆ. ಗ್ರೀಸಿನ ಹೆರಾಕ್ಲೈಡಿಸ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಅದನ್ನು ಹೇಳಿದ್ದ, ಸೂರ್ಯನನ್ನು ಮಧ್ಯಕ್ಕೆ ಇಟ್ಟವನು ಅಲ್ಲಿಯವನೇ ಆದ ಅರಿಸ್ಟಾರ್ಕಸ್. ಇದರಿಂದ ಆರ್ಯಭಟನ 23 ಗಂಟೆ 56 ನಿಮಿಷ 4 ಸೆಕೆಂಡ್ ಎಲ್ಲಿಗೂ ಹೋಗಲ್ಲ ಸ್ವಾಮಿ.

ಆರ್ಯಭಟನಿಗೂ ಕರ್ನಾಟಕಕ್ಕೂ ನಂಟು ಎರಡು ಕಡೆ ಇದೆ. ಒಂದು, ಏಕಾದಶಿ. ಕೆಲವು ಸಲ ಒಂದು ಮಠದವರಿಗೆ ಇವತ್ತು ಉಪವಾಸ, ಇನ್ನೊಂದು ಮಠದವರಿಗೆ ನಾಳೆ. ಬಾಡಿಗೆ ಮನೆ ಮೇಲಿನವರು ಉಪವಾಸ, ಕೆಳಗಿನವರ ಮನೆಯಲ್ಲಿ ಒಗ್ಗರಣೆ. ಒಂದು ಪಂಚಾಂಗ ಸೂರ್ಯಸಿದ್ಧಾಂತದ್ದು, ಇನ್ನೊಂದು ಆರ್ಯಭಟನ ಪಕ್ಷದ್ದು. ಇನ್ನೊಂದು, ಪೀಣ್ಯ. ಭಾರತದ ಮೊದಲ ಉಪಗ್ರಹ ತಯಾರಾದದ್ದು ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ, ಉಡುಪಿ ಕಡೆಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ. 360 ಕೆ.ಜಿ. ತೂಕ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ ಹಾರಿತು. ಹೆಸರು ಆರ್ಯಭಟ. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಅದರ ಚಿತ್ರ ಇತ್ತು, ನೆನಪಿದೆಯಾ? ಅದು ಭೂಮಿಯನ್ನು ಒಂದು ಸುತ್ತು ಹಾಕೋಕೆ ಸುಮಾರು 96 ನಿಮಿಷ ಬೇಕಿತ್ತು. ಅಷ್ಟರಲ್ಲಿ ಕೆಳಗೆ ಭೂಮಿ ಪೂರ್ವಕ್ಕೆ ಸುಮಾರು 24 ಡಿಗ್ರಿ ತಿರುಗಿರುತ್ತಿತ್ತು. ಹಾಗಾಗಿ ಪ್ರತಿ ಸುತ್ತಿನಲ್ಲೂ ಉಪಗ್ರಹ ಹಿಂದಿನ ದಾರಿಗಿಂತ ಪಶ್ಚಿಮಕ್ಕೆ ಕಾಣಿಸಿಕೊಳ್ಳುತ್ತಿತ್ತು. ಆಂಟೆನಾ ಎಲ್ಲಿಗೆ ತಿರುಗಿಸಬೇಕು ಅಂತ ಲೆಕ್ಕ ಹಾಕುವವರು ಮೊದಲು ಭೂಮಿ ಎಷ್ಟು ತಿರುಗಿತು ಅಂತ ನೋಡಲೇಬೇಕಿತ್ತು.

ಮೇಷ್ಟ್ರಿಗೆ ನಾನೇ ಫೋನ್ ಮಾಡಿದೆ. ಮುಂದಿನ ಗ್ರಹಣದ ರಾತ್ರಿ, ಮೂರು ಕಿಟಕಿಗಳ ನಡುವೆ, ನಲವತ್ತು ಸೆಕೆಂಡಿನ ತಿದ್ದುಪಡಿ ಓದಿದೆ. ಸೊನ್ನೆ ಅಲ್ಲ, ಸೂರ್ಯನ ಸುತ್ತ ಅಲ್ಲ, ತನ್ನ ಸುತ್ತ ಅಂತ. ಆ ಕ್ಲಿಪ್ ಓಡಲಿಲ್ಲ. ಹಳೆಯದು ಮಾತ್ರ ಯೂಟ್ಯೂಬ್‌ನಲ್ಲಿ ಹಾಗೇ ಇತ್ತು, ಜನ ನೋಡ್ತಾನೇ ಇದ್ದರು. ಡಿಲೀಟ್ ಮಾಡಿಸಿಬಿಡ್ತೀನಿ ಸಾರ್ ಅಂದೆ. "ಅಳಿಸಬೇಡ ಕಣಪ್ಪಾ" ಅಂದರು, "ನೀನು ಹೇಳಿದ್ದು ನೀನು ಹೇಳಿದ ಹಾಗೇ ಇರಲಿ. ಕೆಳಗೆ ಎರಡು ಸಾಲು ಬರಿ." ಅದು ಈಗಲೂ ಅಲ್ಲೇ ಇದೆ, ಕೆಳಗೆ ಎರಡು ಸಾಲಿನ ಸಮೇತ.